ರಿಬ್ಬನ್ನಿನ ಮೇಲೆ ಬರೆಯುವ ಹೆಸರು

ಇಟಲಿಯ ದೆರೂತಾ, ೧೯೬೮ರ ನವೆಂಬರ್ ೯, ಶನಿವಾರ. ಕುಂಬಾರರ ಸಂಘದ ಸಭಾಂಗಣ. ಪಿಂಗಾಣಿ ಕಾರ್ಖಾನೆಯಲ್ಲಿ ತಟ್ಟೆಗಳಿಗೆ ಚಿತ್ರ ಬರೆಯುವ ಎರ್ಸೀಲಿಯಾ ಅವರ ಬೀಳ್ಕೊಡುಗೆಯಲ್ಲಿ, ಅದೇ ಕಾರ್ಖಾನೆಯ ತಿಗರಿ ತಿರುಗಿಸುವ ಸೆತ್ತೀಮಿಯೊ ಆಡಿದ ಮಾತು.

ಸಭೆಯ ಅಧ್ಯಕ್ಷರೇ, ಪೆರೂಜಾದಿಂದ ಬಂದ ಅತಿಥಿಗಳೇ, ಮುಂದಿನ ಸಾಲಿನಲ್ಲಿ ಕೂತು ಈಗಲೇ ನನ್ನನ್ನು ದುರುಗುಟ್ಟಿ ನೋಡುತ್ತಿರುವ ಎರ್ಸೀಲಿಯಾ ಅವರೇ, ಸಭಿಕರೇ,

ಕೈಗೆ ಮಣ್ಣು ಕೊಟ್ಟರೆ ನಾನು ತಡವರಿಸುವವನಲ್ಲ. ನೀವು ಮೈಕು ಕೊಟ್ಟಿದ್ದೀರಿ.

ಎರ್ಸೀಲಿಯಾ ಅವರ ಕೈ ಎಂಥದು? ಸುಡುವ ಮೊದಲು ತಟ್ಟೆಯ ಬಿಳಿ ಲೇಪ ಹಿಟ್ಟಿನಂತಿರುತ್ತದೆ. ಕುಂಚ ತಾಗಿದ ಕೂಡಲೇ ಬಣ್ಣ ಹೀರಿಕೊಳ್ಳುತ್ತದೆ. ಒರೆಸುವಂತಿಲ್ಲ, ತಿದ್ದುವಂತಿಲ್ಲ. ಆಗ ನೀಲಿ ನೀಲಿಯಾಗಿಯೂ ಇರುವುದಿಲ್ಲ, ಮಾಸಲು ಕಪ್ಪು. ಇನ್ನೂ ಹುಟ್ಟದ ನೀಲಿಯನ್ನು ಕಂಡವರಂತೆ ಅವರು ಬರೆಯುತ್ತಾರೆ! ತಟ್ಟೆ ಸುಟ್ಟ ಆವಿಗೆಯನ್ನು ತೆರೆದ ದಿನ ನೋಡಬೇಕು: ಹೆಂಗಸರ ಮುಖ, ಹೊಂಬಣ್ಣದ ಕೂದಲು, ನೀಲಿ ಬಳ್ಳಿ, ಎಲ್ಲವೂ ನಿದ್ದೆಯಿಂದ ಎದ್ದು ಕೂತಂತೆ! ಪ್ರತಿ ಸಲವೂ ನನ್ನ ಎದೆ ಹಾರುತ್ತದೆ. ಚಿತ್ರ ನೋಡಿಯೋ, ಚಿತ್ರ ನೋಡುತ್ತ ನಿಂತ ಅವರನ್ನು ನೋಡಿಯೋ, ಗೊತ್ತಿಲ್ಲ.

ನಾನು ಮಾಡಿದ ತಟ್ಟೆಯನ್ನು ಅವರು ಮೊದಲು ಬೆರಳಿನಿಂದ ತಟ್ಟಿ ನೋಡುತ್ತಾರೆ. ಒಮ್ಮೆ ಎಲ್ಲರೆದುರು, "ಏನಯ್ಯಾ ಸೆತ್ತೀಮಿಯೊ, ಇದು ತಟ್ಟೆನೋ, ಪಾದ್ರಿಗಳ ಹಳೇ ಟೋಪಿನೋ? ಅಂಚು ಎತ್ತ ಹೋಗ್ತಿದೆ ನೋಡು!" ಎಂದರು.

"ನೀವು ಬಂದ್ರಲ್ಲಾ, ತಿಗರಿ ಅಲ್ಲಾಡ್ತು," ಎಂದೆ.

"ತಿಗರಿ ಅಲ್ಲಾಡಿದ್ರೆ ರಿಪೇರಿ ಮಾಡ್ಸು. ನೀನು ಅಲ್ಲಾಡಿದ್ರೆ ಮದುವೆ ಆಗು!"

ಇಡೀ ಕಾರ್ಖಾನೆ ನಕ್ಕಿತು. ನಾನೂ ನಕ್ಕೆ. ಆಮೇಲೆ ಮಾಡಿದ ತಟ್ಟೆಗಳನ್ನೆಲ್ಲ ಅವರ ಬೆರಳಿಗಾಗಿಯೇ ಮಾಡಿದೆ. ಇದನ್ನು ಹೇಳಬೇಕೆಂದಿರಲಿಲ್ಲ. ಬಾಯಿಗೆ ಬಂತು, ಇರಲಿ.

ನಮ್ಮಲ್ಲಿ ತಟ್ಟೆಯ ಮೇಲೆ ಒಲಿದವಳ ಮುಖ ಬರೆಸಿ, ಪಕ್ಕದಲ್ಲಿ ಚಿತ್ರಿಸಿದ ರಿಬ್ಬನ್ನಿನ ಮೇಲೆ ಅವಳ ಹೆಸರು, ಜೊತೆಗೆ 'ಚೆಲುವೆ' ಎಂದು ಬರೆಸಿ ಕೊಡುವುದುಂಟು. ಈ ಸಭೆಯಲ್ಲೇ ಎಷ್ಟು ಸಂಸಾರ ಎರ್ಸೀಲಿಯಾ ಅವರ ಕುಂಚದಿಂದ ಶುರುವಾಗಿಲ್ಲ? ಆದರೆ ಅವರ ಹೆಸರಿನ ತಟ್ಟೆ ಎಲ್ಲಿದೆ? ಯಾರು ಬರೆಸಿದ್ದಾರೆ?

ಸೋಮವಾರ ಅವರು ಊರು ಬಿಟ್ಟು ದೂರದ ತೊರೀನೊದಲ್ಲಿರುವ ತಂಗಿಯ ಮನೆಗೆ ಹೊರಡುತ್ತಾರಂತೆ. ನನ್ನಲ್ಲೊಂದು ತಟ್ಟೆಯಿದೆ. ಬಿಳಿ ಬಳಿದು ಒಣಗಿಸಿದ್ದೇನೆ. ಆವಿಗೆ ನೋಡಿಕೊಳ್ಳುವ ನಜ್ಜರೇನೊ, "ಯಾರ ಕೈಲಿ ಬರೆಸ್ತೀಯೋ?" ಎಂದ. ಅದೇ ಫಜೀತಿ! ಅಕ್ಷರ ಸೊಟ್ಟಗಾಗದಂತೆ ಬರೆಯುವವರು ಊರಿನಲ್ಲಿ ಒಬ್ಬರೇ. ಬರೆಯಬೇಕಾದ ಹೆಸರೂ ಅವರದೇ.

ನಗಬೇಡಿ. ಎರ್ಸೀಲಿಯಾ ಅವರೇ, ಉತ್ತರ ಇಲ್ಲಿ ಬೇಡ. ನಾಳೆ ಚರ್ಚು ಮುಗಿದ ಮೇಲೆ ಆ ತಟ್ಟೆ ಹಿಡಿದು ನಿಮ್ಮ ಬಾಗಿಲಿಗೆ ಬರುತ್ತೇನೆ. ತೆರೆಯುವುದು ನಿಮಗೆ ಬಿಟ್ಟದ್ದು. ಬರುವುದಂತೂ ನಿಶ್ಚಯ.

ಇಷ್ಟು ಹೊತ್ತು ನನ್ನನ್ನು ಸಹಿಸಿಕೊಂಡ ಎಲ್ಲರಿಗೂ ಧನ್ಯವಾದ. ಇನ್ನು ಕೂರುತ್ತೇನೆ. ನಮಸ್ಕಾರ.