ಶನಿವಾರದ ಒಲಿ

ಅಲ್ಲವ್ವಾ ಸೆಗುಲವ್ವಾ, ನಾ ಕೇಳಿದ್ದು ಅದಲ್ಲ. ನಿದ್ದಿ ಬಂತೋ ಇಲ್ಲೋ ಅಂತ ಕೇಳಲಿಲ್ಲ ನಾ, ಹೊಟ್ಟಿಗೆ ಏನರೆ ತಿಂದೀಯೋ ಇಲ್ಲೋ ಅಂತ ಕೇಳಿದೆ. ಬರೀ ತಲಿ ಅಲ್ಲಾಡಿಸಿದ್ರ ನನಗೇನ ತಿಳೀಬೇಕು? ನಿನ್ನೆ ಮಾಡಿಟ್ಟ ಗಡಗಿ ಮುಚ್ಚಿದ್ದು ಮುಚ್ಚಿದಂಗ ಅದ. ಒಂದ ತುತ್ತೂ ತಿಂದಿಲ್ಲ ನೀ. ಕೂಸಿಗೆ ಹಾಲ ಕುಡಸಾಕಿ ಹಿಂಗ ಮಾಡಿದ್ರ ಹ್ಯಾಂಗವ್ವಾ... ಮಲಗೇದೇನು ಕೂಸು? ಮಲಗಲಿ, ಮಲಗಲಿ. ನಾ ಸಣ್ಣ ದನೀಲೆ ಮಾತಾಡ್ತೀನಿ.

ಯಾಕ ಹಂಗ ನೋಡ್ತಿ? ಹೌದು, ಈ ನಾಗವ್ವನ ಸಣ್ಣ ದನಿ ಅಂದ್ರ ಮೂರ ಮನಿಗೆ ಕೇಳತದ. ಏನ ಮಾಡ್ಲಿ! ವಿಜಾಪುರ ಕಡೆ ಹೊಲದಾಗ ಬೆಳದ ದನಿ, ಒಂದ ಅಂಗಳಕ್ಕ ನಾಕಾರ ಮನಿ ಇರೂ ಈ ಪುಣೇದ ವಾಡೇದಾಗ ಹಿಡಸಂಗಿಲ್ಲ.

ತಡಿ, ಮೊದಲ ಒಲಿ ಹಚ್ಚತೀನಿ. ಶನಿವಾರ ಅಲ್ಲೇನು ಇವತ್ತು? ನೀ ಬೆಂಕಿ ಮುಟ್ಟಂಗಿಲ್ಲ, ನಿಮ್ಮ ದೇವರ ಕಟ್ಟಳಿ. ಬಾಯಿಬಿಟ್ಟು ಹಚ್ಚಕ್ಕಾ ಅಂತ ಕೇಳೂ ಹಂಗೂ ಇಲ್ಲ. ನೀ ಒಂದ ದಿನಾನೂ ಕೇಳಿಲ್ಲ ಬಿಡು. ನಾನ ಬರತೀನಿ, ನಾನ ಕಡ್ಡಿ ಗೀರತೀನಿ, ಚಾ ಇಡತೀನಿ, ನೀ ಗ್ವಾಡಿಗೆ ಆತು ಕುಂತು ನನ್ನ ಕೈ ನೋಡ್ತಿ. ಮೊದಮೊದಲ ವಾಡೇದಾಗಿನ ಬಾಯಂದ್ರು ನಗತಿದ್ರು. ಲಿಂಗಾಯತರಾಕಿ ಯಹೂದ್ಯಾರ ಒಲಿ ಊದಲಿಕ್ಕೆ ಹೊಂಟಳು ನೋಡ್ರಿ ಅಂತ. ನಗವಲ್ಲರ್ಯಾಕ! ಅವರಿಗೇನ ಗೊತ್ತು? ನಮ್ಮ ವಿಜಾಪುರ ಟೇಸನ್ನಿನ ಗಾರ್ಡನ ಮಗಳು ನೀ, ಕನ್ನಡದಾಗ ಆಡಿ, ಕನ್ನಡದಾಗ ಜಗಳಾಡಿ ಬೆಳದಾಕಿ. ಈ ವಾಡೇಕ್ಕ ಬಂದ ದಿವಸ ಬಾವಿ ಕಟ್ಟಿಗೆ ನಿಂತು ನನಗ "ಅಕ್ಕಾ, ಈ ನೀರ ಸವಳೇನ್ರಿ?" ಅಂದಿ ನೋಡು... ನಾ ಕೊಡಾ ಅಲ್ಲೇ ಇಟ್ಟು ಅತ್ತಬಿಟ್ಟೆ. ಎಷ್ಟ ದಿನ ಆಗಿತ್ತು ನಮ್ಮ ಮಾತು ಒಂದ ಹೆಣ್ಣಿನ ಬಾಯಾಗ ಕೇಳಿ! ಮನ್ಯಾಗ ನಮ್ಮವರು ಅದಾರ, ಖರೆ. ಆದ್ರ ಗಂಡಸರ ಮಾತಂದ್ರ ಏನು? ಉಪ್ಪ ಹಾಕು, ನೀರ ಕೊಡು. ಮುಗೀತು.

ಕಡ್ಡಿಪೆಟ್ಟಿಗಿ ಎಲ್ಲಿ ಹೋತು... ಇರ್ಲಿ, ಹುಡುಕತೀನಿ. ಮೊದಲ ಇದನ್ನ ತಗೋ. ಅಲ್ಲ, ಆ ಗಂಟಲ್ಲ! ಅದು ಬರೀ ರೊಟ್ಟಿ, ಅಲ್ಲೇ ಇರ್ಲಿ. ಇದು, ಇದು. ಸೆರಗಿನ ತುದಿಗೆ ಕಟಗೊಂಡ ಬಂದೀನಿ. ಏನ ಹೇಳು ನೋಡೋಣು?

ನಿಮ್ಮ ಬಾಗಲ ಚೌಕಟ್ಟಿಗೆ ಬಡದಿದ್ದ ಹಿತ್ತಾಳಿ ಕೊಳವಿ! ಹೋಗೂಮುಂದ ಬರೂಮುಂದ ನೀ ಬೆರಳ ಮುಟ್ಟಿಸಿ ತುಟಿಗೆ ಒತ್ತಿಕೋತಿದ್ದಿಯಲ್ಲ, ಅದು. ಮೊನ್ನೆ ಆ ಹಾಳ ಮಂದಿ ನಿನ್ನ ಬಾಗಲಕ್ಕ ಡಾಂಬರ ಬಳದು, ಇದನ್ನ ಕಿತ್ತು ಮೋರ್ಯಾಗ ಒಗದು ಹೋಗಿದ್ರು. ಕೊಳವಿ ಜಜ್ಜಿ ಹೋಗೇದ, ಅದರ ಮಾತ ಬಿಡು. ಆದ್ರ ಒಳಗಿನ ಚರ್ಮದ ಸುರುಳಿ, ನಿಮ್ಮ ದೇವರ ಮಾತ ಬರದದ್ದು... ಸಿಕ್ತವ್ವಾ! ನಿನ್ನೆ ನೀವೆಲ್ಲಾ ಬಾಗಲಾ ತಿಕ್ಕೂಮುಂದ ನಾ ಮೋರ್ಯಾಗ ಕೈ ಹಾಕಿ ಕುಂತಿದ್ದೆ. ನಿನಗ ಹೇಳಲಿಲ್ಲ. ಸಿಗದಿದ್ರ ಸುಮ್ಮನ ಆಶಾ ಹಚ್ಚಿದಂಗ ಆಗತದ ಅಂತ. ನೆರಳಾಗ ಒಣಗಿಸಿದೆ, ನಮ್ಮ ಜಗಲಿ ಮ್ಯಾಲ ದೇವರ ಬಾಜೂಕ ಇಟ್ಟೆ. ಚಂದಂಗ ವಿಭೂತಿ ಹಚ್ಚಿದೆ, ಒಂದ ಹೂವಾ ಏರಿಸಿದೆ...

ಯಾಕ? ಏನಾತು? ಮಾರಿ ಯಾಕ ಹಂಗ ಮಾಡಿದಿ? ವಿಭೂತಿ ಹಚ್ಚಬಾರದಿತ್ತೇನು? ಅಯ್ಯ ಶಿವನ... ನನಗೇನ ಗೊತ್ತವ್ವಾ! ನೋಡು, ನನ್ನ ಕೊರಳಾಗ ಲಿಂಗ ಅದ, ಕರಡಗ್ಯಾಗ ಮುಚ್ಚಿಟ್ಟ ದೇವರು. ನಿಂದೂ ಹಂಗ, ಕೊಳವ್ಯಾಗ ಮುಚ್ಚಿಟ್ಟ ದೇವರು ಅಂತ ತಿಳಕೊಂಡೆ. ಮೋರಿ ನೀರ ಮುಟ್ಟಿದ ದೇವರನ್ನ ಹಂಗ ಹ್ಯಾಂಗ ಕೊಡ್ಲಿ ಕೈಯಾಗ? ಒಂದೀಟ ಪೂಜಾ ಮಾಡಿ ಕೊಡೋಣಂತ... ನಗತೀ? ಸೆಗುಲವ್ವಾ, ನಗತೀ ಏನ? ನಗು, ನಗು! ಮೊನ್ನಿಂದ ಇದ ಮೊದಲ ಸಲ ನಿನ್ನ ಹಲ್ಲ ಕಂಡದ್ದು. ನಿಮ್ಮ ದೇವರಿಗೆ ನಾ ವಿಭೂತಿ ಬಳದದ್ದನ್ನ ನಿನ್ನ ಗಂಡಗ ಬರದ ಕಳಸು. ಲಡಾಯಿ ನಡದ ಆ ಮಿಸರ ದೇಶದಾಗ, ದಂಡಿನ ದವಾಖಾನ್ಯಾಗ ಸಿಪಾಯರ ಗಾಯಾ ಕಟ್ಟಿಗೋತ ಕುಂತಾರಲ್ಲ ಪಾಪ, ಅವರೂ ನಗ್ಲಿ...

ಅಯ್ಯ, ನಕ್ಕೋತ ನಕ್ಕೋತ ಅಳತೀ ಯಾಕ ಮತ್ತ? ಒರಸಿಕೋ. ಕಣ್ಣೀರ ಅದರ ಮ್ಯಾಲ ಬೀಳ್ಲಿಕತ್ತಾವ ನೋಡು.

ಏನಂತಿ? ಬಾಗಲಾ ಯಾಕ ತೋರಸ್ತಿ? ...ಹಾಂ. ಮತ್ತ ಅಲ್ಲೇ ಬಡೀಬೇಕಂತಿ. ಇವತ್ತ ಮೊಳಿ ಹೊಡ್ಯೂ ಹಂಗಿಲ್ಲಲ್ಲ ನಿಮ್ಮಾಗ. ನಾಳೆ? ನಾಳೆ... ಗಡಿಬಿಡಿ ಏನದ ಅದಕ್ಕ? ಹೊಸಾ ಕೊಳವಿ ಮಾಡಸಬೇಕು, ತಾಂಬಟರ ಕಡೆ ಹೋಗಬೇಕು, ಅವರೇನ ಒಂದ ದಿನದಾಗ ಕೊಡತಾರೇನು... ಪೆಟ್ಟಿಗ್ಯಾಗ ಇಟಗೋ ಅದನ್ನ. ಅರಿವಿ ಸುತ್ತಿ, ಜ್ವಾಕೀಲೆ, ಲಗೂನ ಕೈಗೆ ಸಿಗೂ ಹಂಗ ಇಟಗೋ. ಯಾಕಂದ್ರ... ಯಾಕಿಲ್ಲ. ಹಂಗ ಅಂದೆ. ಬಾಯಿಗೆ ಬಂತು, ಅಂದೆ.

ಅದ್ಯಾಕ, ನಿನ್ನೆ ನೋಡಿದಿಲ್ಲೋ, ಇಡೀ ವಾಡೇ ಹ್ಯಾಂಗ ಎದ್ದ ನಿಂತಿತು! ಭಾಮಾಬಾಯಿ! ಯಾರ ನೆರಳ ಬಿದ್ರೂ ಮತ್ತೊಂದ ಸಲ ತಲಿಮ್ಯಾಲ ನೀರ ಹಾಕ್ಕೊಳ್ಳಾಕಿ, ಆಕಿ ಚಿಮಣಿ ಎಣ್ಣ್ಯಾಗ ಅರಿವಿ ಅದ್ದಿ ನಿನ್ನ ಬಾಗಲಾ ತಿಕ್ಕಿದ್ಲು. ಆ ಹುಡುಗಿ ಇಂದೂ, ಮೊನ್ನೆ ಮೊನ್ನೆ ಮದವ್ಯಾದಾಕಿ, ಹಸರ ಬಳಿ ಒಡದ್ರೂ ಬಿಡಲಿಲ್ಲ. ನಮ್ಮವರು ಅಂಗಡಿಗೆ ತಡಾ ಆದ್ರ ಆಗ್ಲಿ ಅಂತ ನೀರ ಸೇದಿ ಸೇದಿ ಕೊಟ್ರು. ಮಾಲಕರು ಏಕನಾಥರಾಯರು ತಾವ ಬಂದು ನಿಂತು, ಎಲ್ಲಾರ ಮುಂದ, "ನಮ್ಮ ವಾಡೇದಾಗ ಆ ಧರ್ಮ ಈ ಧರ್ಮ ಅಂತಿಲ್ಲ, ಎಲ್ಲಾರೂ ಒಂದ ಬಾವಿ ನೀರ ಕುಡ್ಯಾವ್ರು" ಅಂದ್ರು. ಎಷ್ಟ ಚಂದ ಅಂದ್ರು! ಅನ್ನಲೇಬೇಕು ಮತ್ತ. ನಿಮ್ಮ ಏಲಿಯಾಹು ಸ್ವಾಮಿ ಹರಕಿಗೆ ನೀ ಅವಲಕ್ಕಿ, ಬೆಲ್ಲಾ, ಕೊಬ್ಬರಿ ಕಲಸಿ ಮಲೀದಾ ಹಂಚತೀಯಲ್ಲ, ಅದನ್ನ ತಿನ್ನದ ಬಾಯಿ ಒಂದರ ಅದ ಏನ ಈ ವಾಡೇದಾಗ? ಎಲ್ಲಾರೂ ಕೈ ಒಡ್ಡಿ ಇಸಗೊಂಡ ತಿಂದಾವ್ರು. ಉಂಡ ಮನಿಗೆ ಎರಡ ಬಗೀಬಾರದು ಅಂತ...

ಇಲ್ಲವ್ವಾ, ಏನಿಲ್ಲ. ಕಡ್ಡಿಪೆಟ್ಟಿಗಿ ಹುಡುಕ್ಲಿಕತ್ತೀನಿ.

ನಿನ್ನೆ ಸಂಜೀಕ ನೀ ನಿಮ್ಮ ದೀಪಾ ಹಚ್ಚಿ ಬಾಗಲಾ ಮುಚಗೊಂಡ ಮ್ಯಾಲ ಅಂಗಳದಾಗ ಎಲ್ಲಾರೂ ಕೂಡಿದ್ರು. ಕಿಡಕ್ಯಾಗಿಂದ ಕಂಡಿರಬೇಕು ನಿನಗ. ಅದೇನಂದ್ರ... ಕಾವಲಾ ಕಾಯೂದು ಹ್ಯಾಂಗ ಅಂತ ಮಾತಾಡಿದ್ರು. ಗಂಡಸರು, ಪಾಳಿ ಪ್ರಕಾರ. ಹೌದು, ಕಾವಲಾನ. ಮತ್ತೇನ ಮಾತಾಡ್ತಾರ? ಇವತ್ತ ಯಾರ ಪಾಳಿ ಅಂದ್ರ ನನಗೇನ ಗೊತ್ತ... ಹಂಗ ನೋಡಬ್ಯಾಡ ನೀ ನನ್ನ. ನಾಕ ಮಾತರ ಆಡು. ಹ್ಞೂಂ ಅನ್ನು, ಇಲ್ಲಾ ಊಹ್ಞೂಂ ಅನ್ನು. ಮೊನ್ನಿಂದ ನಾ ಒಬ್ಬಾಕಿನ ಮಾತಾಡ್ಲಿಕತ್ತೀನಿ, ಗ್ವಾಡಿ ಕೂಡ ಮಾತಾಡಿದಂಗ.

ಮತ್ತ ಆ ಗಂಟ ಯಾಕ ನೋಡ್ತಿ? ಹೇಳಿದೆನಲ್ಲ, ರೊಟ್ಟಿ ಅಂತ. ಹೌದು, ಒಂದೀಟ ಜಾಸ್ತಿನ ಅದಾವ. ಕೈ ಹರಿದಷ್ಟ ಬಡದೆ, ಮುಂಜಾನೆ ಬ್ಯಾಗ ಎಚ್ಚರಾತು, ಎಚ್ಚರಾದಮ್ಯಾಲ ಸುಮ್ಮನ ಯಾಕ ಕೂಡ್ಲಿ ಅಂತ... ಎತ್ತಬ್ಯಾಡ. ಅಲ್ಲೇ ಇರ್ಲಿ, ಸೆಗುಲವ್ವಾ. ಇಡು ಅಂದೆ, ಇಡು!

...ಹೌದು. ಕಟಕ್ ಅಂತು.

ಕಟಕ ರೊಟ್ಟಿ. ಶೇಂಗಾ ಚಟ್ನಿ ಬ್ಯಾರೆ ಪುಡಕ್ಯಾಗ ಅದ.

ಇಂದೂನ ಕೈಯಾಗ ಕೊಟ್ಟಿದ್ರ ಆಕಿಗೆ ಏನೂ ತಿಳೀತಿದ್ದಿಲ್ಲ. ಅಯ್ಯ, ನಾಗವ್ವ ಎಷ್ಟ ಪ್ರೀತೀಲೆ ರೊಟ್ಟಿ ತಂದಾಳ ಅಂತಿದ್ಲು. ನಿನಗ ಸುಳ್ಳ ಹ್ಯಾಂಗ ಹೇಳ್ಲಿ? ನಮ್ಮ ಕಡೆ ಬೆಳದಾಕಿ ನೀ. ತಿನ್ನಾಕ ಕೊಡೂದಾದ್ರ ಮೆತ್ತನ್ನ ಬಿಸಿ ರೊಟ್ಟಿ ತರತಾರ, ತಾಟಿನ್ಯಾಗ ತರತಾರ. ಒಣಗಿಸಿದ ರೊಟ್ಟಿ ಅರಿವ್ಯಾಗ ಇಟ್ಟು ನಾಕೂ ಮೂಲಿ ಎಳದು ಗಂಟ ಹಾಕಿದ್ರ ಅದು ಊಟಲ್ಲ. ಬುತ್ತಿ. ಊರ ಬಿಟ್ಟ ಹೋಗಾವ್ರಿಗೆ ಕಟ್ಟೂ ಬುತ್ತಿ.

ಹೇಳ್ತೀನಿ. ಹೇಳಲಿಕ್ಕೇ ಬಂದೀನಿ. ಬಂದಾಗಿಂದ ಸುಳ್ಳ ಒದರ್ಲಿಕತ್ತೀನಿ. ಆ ಡಾಂಬರಲೆ ಏನೋ ಬರದಿದ್ರಲ್ಲ ಬಾಗಲ ಮ್ಯಾಲ, ನನಗ ಮರಾಠಿ ಅಕ್ಷರ ಬರಂಗಿಲ್ಲ. ನೀ ಓದಿದಿ, ಓದಿ ಸುಮ್ಮನಾದಿ. ಭಾಮಾಬಾಯಿನ್ನ ಕೇಳಿದ್ರ "ಹೊಲಸು" ಅಂದ್ಲು, ಅಷ್ಟ. ಅಂಗಳದಿಂದ ಬಂದ ಮ್ಯಾಲ ನಮ್ಮವರು ಹೇಳಿದ್ರು. ಯಹೂದಿ, ಇಲ್ಲಿಂದ ಹೋಗು, ಇಲ್ಲಂದ್ರ ಮುಂದಿನ ಸಲ ಬೆಂಕಿ. ಆ ಮೂಲಿ ಹಾಟೇಲಿನ ರೇಡಿಯೋ ಮುಂದ ಕುಂತು ಜರ್ಮನಿ ಸುದ್ದಿ ಕೇಳೂ ಹುಡುಗರದ ಕೆಲಸಂತ. ಯಾರ ಕಂಡಾರ? ನೀ ಅವರಿಗೇನ ಮಾಡಿದ್ದಿ? ಎಲ್ಲಿ ಜರ್ಮನಿ, ಎಲ್ಲಿ ಪುಣೇದಾಗಿನ ನಮ್ಮ ರಾಸ್ತಾ ಪೇಟಿ! ಈ ವಾಡೇ ಪೂರಾ ಕಟಗೀದು, ಮ್ಯಾಲಿನ ಮನ್ಯಾಗ ಮತ್ತೊಬ್ಬಾಕಿ ಬಾಣಂತಿ ಅದಾಳ, ಎಲ್ಲಾರಿಗೂ ಹೆದರಿಕಿ ಹೊಕ್ಕತು. ರಾಯರಂದ್ರು, "ಆಕೀ ಒಳ್ಳೇದಕ್ಕ ಹೇಳೂದು. ಊರ ಆಚೀ ಕಡೆ ಲಷ್ಕರ ಓಣ್ಯಾಗ ಆಕೀ ಯಹೂದಿ ಮಂದಿ ಅದಾರ. ಗಂಡ ದಂಡಿನಿಂದ ಬರೂತನಕ ಅಲ್ಲಿರ್ಲಿ." ಹೌದ್ರಿ ಹೌದ್ರಿ ಅಂದ್ರು ಎಲ್ಲಾರೂ. ಬಾಗಲಾ ತಿಕ್ಕಿದಾವ್ರ ಎಲ್ಲಾ, ಅವರ ಕೈಯಾಗ ಇನ್ನೂ ಚಿಮಣಿ ಎಣ್ಣಿ ವಾಸನಿ ಇತ್ತು. ನಮ್ಮವರೂ ಅಂದ್ರು. ಭಾಮಾಬಾಯಿ ಅತಗೋತ ಹೌದಂದ್ಲು.

ನಾ ಏನಂದೆ ಅಂತ ಕಣ್ಣಾಗ ಕೇಳಬ್ಯಾಡ. ಕಂಬದ ಹಿಂದ ನಿಂತಿದ್ದೆ. ಇವತ್ತ ಹೋಗ್ಲಿ ಅಂದ್ರು, ಅವಾಗ ಮಾತ್ರ ಬಾಯಿ ಬಿಟ್ಟೆ. ಶನಿವಾರ ಆಕಿ ಗಂಟ ಕಟ್ಟಂಗಿಲ್ಲ, ಗಾಡಿ ಹತ್ತಂಗಿಲ್ಲ, ಆಕೀ ದೇವರ ಕಟ್ಟಳಿ ನಿಮಗೇನ ಗೊತ್ತು ಅಂತ ಜಗಳಾಡಿ ನಾಳೇತನಕ ತಗೊಂಡೆ. ಇಷ್ಟ ಆತು ನನ್ನ ಕೈಲೆ. ಒಂದ ದಿನ.

ಆಮ್ಯಾಲ ಯಾರ ಹೇಳಬೇಕು ಅಂತ ಬಂತು. "ನಾಗವ್ವ ಹೇಳ್ಲಿ. ಅವರವರ ಭಾಷಾದಾಗ ಹೇಳಿದ್ರ ಮನಸಿಗೆ ಅಷ್ಟ ಹತ್ತಂಗಿಲ್ಲ" ಅಂದ್ರು ರಾಯರು. ಹತ್ತಂಗಿಲ್ಲಂತ! ಕೇಳಿದೇನ ಸೆಗುಲವ್ವಾ? ನಿನ್ನ ಕೂಸಿಗೆ ನಾ ಜೋಗುಳಾ ಹಾಡಿದ ಭಾಷಾ ಇದು. ಬ್ಯಾನಿ ತಿನ್ನೂಮುಂದ ನೀ ನನ್ನ ಕೈ ಹಿಡದು ಯವ್ವಾ ಯವ್ವಾ ಅಂತ ಒದರಿದ ಭಾಷಾ. ಬಾಗಲ ಮ್ಯಾಲಿನ ಮಾತು ತಿಕ್ಕಿ ತಿಕ್ಕಿ ತಗದು, ಅದ ಮಾತು ನನ್ನ ಬಾಯಾಗ ಇಟ್ಟು ಕಳಿಸ್ಯಾರವ್ವಾ. ಅವರು ಮರಾಠ್ಯಾಗ ಬರದಿದ್ರು, ನಾ ಕನ್ನಡದಾಗ ತಂದೆ.

ಹಿಂಗ ಕೂಡಬ್ಯಾಡ. ಏನರೆ ಅನ್ನು. ಚಾ ಇಡತೀನಿ ತಡಿ, ಕುಡದು ಮಾತಾಡೋಣು. ಕಡ್ಡಿಪೆಟ್ಟಿಗಿ... ಹಾಂ, ಇಲ್ಲೇ ಅದ, ಮಾಡದಾಗ. ಕುಳ್ಳ ಒಣಗ್ಯಾವ, ಲಗೂನ ಹತ್ತತದ...

ಯಾಕ? ಕೈ ಯಾಕ ಹಿಡದಿ? ಬಿಡವ್ವಾ, ಒಲಿ ಹಚ್ಚತೀನಿ. ಶನಿವಾರ ಅಲ್ಲೇನು, ನಾನಲ್ಲದ ಯಾರ ಹಚ್ಚತಾರ? ಕೂಸಿಗೆ ನೀರ ಕಾಸಬೇಕು... ಹಚ್ಚಬ್ಯಾಡಾ?

...ನನ್ನ ಕೈ ಬ್ಯಾಡಾ?

ಇಟ್ಟೆ. ನೋಡು, ಕಡ್ಡಿಪೆಟ್ಟಿಗಿ ಇದ್ದಲ್ಲೇ ಇಟ್ಟೆ. ಒಲಿ ತಣ್ಣಗ ಇರ್ಲಿ. ಆದ್ರ ಮಾತ ಆಡು, ಸೆಗುಲವ್ವಾ. ಬೈ ನನಗ. ನಮ್ಮೂರ ಬೈಗುಳ ಎಲ್ಲಾ ಬರತಾವ ನಿನಗ, ಹಾಟಗಿತ್ತಿ ಅನ್ನು, ನಿನ್ನ ಬಾಯಾಗ ಮಣ್ಣ ಬೀಳ್ಲಿ ಅನ್ನು... ಒಂದರ ಅನ್ನವ್ವಾ. ನಾಳೆ ನೀ ಹೋದಮ್ಯಾಲ ಈ ವಾಡೇದಾಗ ನನಗ ಕನ್ನಡದಾಗ ಬೈಯಾವ್ರು ಯಾರದಾರ?