ಎರಡು ಕುಳಿಯ ಅಚ್ಚು

ಮೊಂಟಾನಾದ ಬೇಟೆ ಸಾಮಾನಿನ ಅಂಗಡಿಯಲ್ಲಿ ಮಾರ್ಲಿಸ್ ಪರವಾನಗಿಯ ಸಾಲಿನಲ್ಲಿ ನಿಂತಿದ್ದಳು. ಪಕ್ಕದಲ್ಲೇ ಒಬ್ಬ ಮುದುಕ, ಅವನ ಹೆಂಡತಿ ಬಂದೂಕಿನ ಗುಂಡು ಎರಕ ಹೊಯ್ಯುವ ಅಚ್ಚು ಆರಿಸುತ್ತಿದ್ದರು; ಅವರ ಮಾತು ಅವಳಿಗೆ ಕೇಳಿಸುತ್ತಿತ್ತು.

"ಆರು ಕುಳೀದು ತಗೋತೀನಿ ವರ್ನಾ. ಒಂದೇ ಸಲಕ್ಕೆ ಆರು ಗುಂಡು."

"ಎತ್ತಿ ಹಿಡಿ, ನೋಡೋಣ."

ಎತ್ತಿದ. ಭಾರಕ್ಕೆ ಅಚ್ಚು ಕೆಳಕ್ಕೆ ವಾಲಿತು.

"ನೋಡಿದ್ಯಾ ಆರ್ವಿಡ್? ಕಾದ ಸೀಸ ಕಾಲ್ ಮೇಲೆ ಸುರ್ಕೋತೀಯ."

"ಹಂಗಾದ್ರೆ ಅಪ್ಪನ ಬಂದೂಕು ಗೋಡೆ ಮೇಲೇ ಇರ್ಲಾ? ಅದರ ಗುಂಡು ಯಾವ ಅಂಗಡೀಲೂ ಸಿಗಲ್ಲ."

"ಹಂಗಂದ್ನಾ ನಾನು? ಎರಡು ಕುಳೀದು ತಗೋ, ಹಗುರ ಇದೆ."

"ಎರಡೆರಡೇ ಹೊಯ್ತಾ ಕೂತ್ರೆ ಚಳಿಗಾಲವೆಲ್ಲಾ ಶೆಡ್ಡಲ್ಲೇ ಕಳೀಬೇಕು."

"ಕಳಿ. ನನಗೂ ಮನೇಲಿ ನೆಮ್ಮದಿ."

ಮುದುಕ ನಕ್ಕು ಹತ್ತಿರವಿದ್ದ ಎರಡು ಕುಳಿಯ ಅಚ್ಚಿನ ಡಬ್ಬಿ ತೆಗೆದುಕೊಂಡ.

"ತಡಿ ಆರ್ವಿಡ್, ಅಳತೆ ನೋಡು. ಹೋದ್ಸಲ ನೀನು ಡಬ್ಬಿ ಮೇಲಿನ ನಂಬರ್ ನಂಬಿ ಅಚ್ಚು ತಂದ್ಯಲ್ಲ. ಬಂದೂಕಿನ ನಳಿಗೆ ಸವೆದಿದೆ, ಗುಂಡು ಸಡಿಲಾಗಿ ಗುರಿ ಹಲಗೆಗೆ ಅಡ್ಡಡ್ಡ ಬಡೀತು."

ವರ್ನಾ ಕೈಚೀಲದಿಂದ ಕರವಸ್ತ್ರದ ಗಂಟು ತೆಗೆದು ಬಿಚ್ಚಿದಳು. ಒಳಗೆ ಗೀರು ಬಿದ್ದ ಸೀಸದ ಸಣ್ಣ ತುಂಡಿತ್ತು.

"ಇದನ್ನ ನಳಿಗೇಲಿ ತೂರಿಸಿದ್ದು ಯಾರು ವರ್ನಾ?"

"ನೀನು ಚರ್ಚಿಗೆ ಹೋದಾಗ ನಾನೇ. ನಳಿಗೆಯ ನಿಜವಾದ ಅಳತೆ ಇದರಲ್ಲಿ ಮೂಡಿದೆ, ಇದಕ್ಕೆ ಹೊಂದೋದನ್ನ ಕೇಳು."

ದುಡ್ಡು ಕೊಟ್ಟು ಬಾಗಿಲ ಬಳಿ ಬಂದಾಗ ಆರ್ವಿಡ್ ಹೇಳಿದ: "ಮೊದಲನೇ ಗುಂಡು ನೀನೇ ಹೊಡಿ."

"ನಾನ್ಯಾಕೆ?"

"ಅಳತೆ ನಿಂದಲ್ವಾ? ಗುರಿ ತಪ್ಪಿದ್ರೆ ಈ ಸಲ ಬೈಗುಳ ನಿನಗೆ."