ರೊಟ್ಟಿ ಬಡಿದವರು ಯಾರು
ತಾಂಡೂರು ಸ್ಟೇಷನ್ನಿನಲ್ಲಿ ನಿಜಾಮ್ ಸರ್ಕಾರದ ಗಾಡಿ ತಡವಾಗಿತ್ತು. ನನ್ನ ಬೆಂಚಿನ ಇನ್ನೊಂದು ತುದಿಯಲ್ಲಿ ಪೆಟ್ಟಿಗೆ ಹಿಡಿದ ಹೊಸ ಮದುವಣಗಿತ್ತಿ, ಜೊತೆಗೆ ಹಣೆತುಂಬ ವಿಭೂತಿಯ ಅಣ್ಣ. ನಾನು ಅವರ ಕಡೆ ತಿರುಗದೆ ಕುಳಿತೆ.

“ಅಣ್ಣಾ, ಅರಿವಿಗಿ ಮೂರು ದಾರಿ ಅಂತ ಮಠದಾಗ ಓದಿಬಂದು ನೀನೇ ಕಲಿಸಿದ್ದಿ. ಕಣ್ಣಿಲೆ ನೋಡಾದು, ಹೊಗಿ ಕಂಡು ಬೆಂಕಿ ಅದ ಅಂತ ತಿಳಿಯಾದು, ನಂಬಿದವರ ಮಾತು ಕೇಳಾದು.”

“ಹೌದವ್ವಾ.”

“ನಾ ನಿನ್ನ ಮಾತು ನಂಬಿದೆ. ವರನ ಮನಿ ಕಣ್ಣಾರೆ ನೋಡೀನಿ ಅಂದಿದ್ದಿ.”

“ರಾಯಿಕೋಡಿಗಿ ಹೋಗಿದ್ದೆನಲ್ಲ!”

“ಒಳಗ ಹೋಗಿದ್ದೇನು?”

“ಕಟ್ಟಿಮ್ಯಾಲ ಕುಂದ್ರಿಸಿ ಶಾಸ್ತ್ರ ಕೇಳಿದ್ರು. ಮಾತಿನಾಗ ಹೊತ್ತು ಹೋತು. ಅಲ್ಲೇ ಉಂಡು ಬಂದೆ.”

“ಅವನಿಗಿ ಅವ್ವ ಇಲ್ಲ, ಅಕ್ಕತಂಗೇರಿಲ್ಲ ಅಂತ ನೀನೇ ಅಂದಿದ್ದಿ. ಹಂಗಾರ ನಿನ್ನ ತಾಟಿಗಿ ರೊಟ್ಟಿ ಯಾರು ಬಡದ್ರು, ಪಂಡಿತಾ?”

ಅಣ್ಣ ಗಾಡಿ ಬರುವ ದಿಕ್ಕಿಗೆ ನೋಡಿದ. ಅವಳೇ ಹೇಳಿದಳು:

“ಅವನ ಮೊದಲನೇ ಹೆಂಡ್ತಿ. ನಿನ್ನೀತನಕ ಇಬ್ಬರೂ ಕೂಡಿ ಬಡದೀವಿ.”

ಗಾಡಿ ಬಂತು.

“ಉಮಾ, ನಾ ಒಳಗ ಹೋಗಿರಲಿಲ್ಲ ಅಂತ ಅವ್ವಗ ಹೇಳಬ್ಯಾಡ.”

“ನಾ ಏನೂ ಹೇಳಲ್ಲ. ತಿರುಗಿ ಬಂದ ಪೆಟ್ಟಿಗಿ ನೋಡಿದ್ರ ಅವ್ವಗ ತಿಳೀತದ.”

“ಹತ್ತು, ಈ ಡಬ್ಬಿದಾಗ ಜಾಗಾ ಅದ.”

ಅವಳು ಮೊದಲು ಕಿಟಕಿಯಲ್ಲಿ ಇಣುಕಿ ನೋಡಿದಳು. ಆಮೇಲೆ ಹತ್ತಿದಳು.